ಹೊಲದ ಮೇಲೆ ಹತ್ತು ಅಡಿ ಹಾರಲು ಎಷ್ಟು ದಿನ ಕಾಯಬೇಕು?

ಡ್ರೋನ್ ಹಾರಾಟಕ್ಕೆ ಅನುಮತಿ ಕೊಡುವ, ಅದರ ವ್ಯವಸ್ಥೆ ರೂಪಿಸುವ ಎಲ್ಲ ಅಧಿಕಾರಿಗಳಿಗೆ,

ಹುಬ್ಬಳ್ಳಿಯಿಂದ ನಮಸ್ಕಾರ.

ಕಳೆದ ಹಿಂಗಾರಿಯ ಒಂದು ಬೆಳಿಗ್ಗೆಯಿಂದ ಈ ಪತ್ರ ಶುರು ಮಾಡುತ್ತೇನೆ. ಕಾರವಾರ ರಸ್ತೆ ಕಡೆ, ವಿಮಾನ ನಿಲ್ದಾಣದಿಂದ ಐದಾರು ಕಿಲೋಮೀಟರ್ ದೂರದಲ್ಲಿ, ನಮಗೆ ಪರಿಚಯದ ಕಾಕಾ ಒಬ್ಬರದು ನಾಲ್ಕು ಎಕರೆ ಕಡಲೆ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಎರೆ ಹೊಲ. ಒಂದು ಹೆಜ್ಜೆ ಇಟ್ಟರೆ ಚಪ್ಪಲಿ ತುಂಬ ಮಣ್ಣು, ಎರಡನೇ ಹೆಜ್ಜೆಗೆ ಚಪ್ಪಲಿಯೇ ಕೆಸರೊಳಗೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಆಳು ಒಳಗೆ ಇಳಿಯುವ ಮಾತೇ ಇಲ್ಲ. ಕಾಕಾ ಬದುವಿನಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಗಿಡ ಬಗ್ಗಿಸಿ, ಕಾಯಿ ಬಿಡಿಸಿ ನಮಗೆ ತೋರಿಸಿದರು. ಒಳಗೆ ಹಸಿರು ಹುಳ. ಅರ್ಧ ಕಾಳು ಖಾಲಿ.

"ಕೀಡಿ ಬಿದ್ದೈತಿ ತಮ್ಮಾ. ಇವತ್ತ ಎಣ್ಣಿ ಹೊಡದ್ರ ಉಳಿತೈತಿ. ಒಂದ್ ವಾರ ಬಿಟ್ರ ಬರೇ ಹೊಟ್ಟು."

ನನ್ನ ಜೊತೆಗಾರ ಔಷಧಿ ಸಿಂಪಡಿಸುವ ಡ್ರೋನ್ ನಡೆಸುತ್ತಾನೆ. ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಆಗಿ ಕೂತಿದ್ದವು. ನೀರಿನ ಡ್ರಮ್ ತುಂಬಿತ್ತು. ಅವನು ಫೋನ್ ತೆಗೆದು ನಕಾಶೆ ನೋಡಿದ. ಹಳದಿ. "ಕಾಕಾ, ಇಲ್ಲಿ ಹಾರಸಾಕ ಪರ್ಮಿಷನ್ ಬೇಕ್ರಿ. ಅರ್ಜಿ ಹಾಕಿ ಕಾಯಬೇಕು" ಎಂದ. ಕಾಕಾ ಬದುವಿನ ಬೇವಿನ ಮರದ ಕಡೆ ಕೈ ಮಾಡಿದರು. "ನಿಮ್ಮ ಡ್ರೋನ್ ಆ ಗಿಡದ ಅರ್ಧಕ್ಕೂ ಏರಂಗಿಲ್ಲಲ್ಲೋ. ಇಷ್ಟರಾಗ ಹಾರಸಾಕ ಯಾರನ್ನ ಕೇಳಬೇಕು?"

ಕಾಕಾ ಹೇಳಿದ್ದು ನಿಜ. ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರುವ ಯಂತ್ರ ಅದು. ಆದರೂ ನಾವು ಹಾರಿಸಲಿಲ್ಲ. ಅವತ್ತೇ ಅರ್ಜಿ ಹಾಕಿದೆವು. ಉತ್ತರ ಬಂದಾಗ ಒಂಬತ್ತು ದಿನ ಕಳೆದಿತ್ತು. ಅಷ್ಟರಲ್ಲಿ ಹೊಲ ಒಣಗಿ, ಕಾಕಾ ಆಳು ಹಚ್ಚಿ ಸಿಂಪಡಿಸಿಕೊಂಡಿದ್ದರು. ಒಂದು ಮಗ್ಗುಲಿನ ಬೆಳೆ ಪೂರ್ತಿ ಹೋಗಿತ್ತು. ಅರ್ಜಿ ಯಾರ ಮೇಜಿನ ಮೇಲೆ ಕೂತಿತ್ತು ಎಂದು ನಾನಿಲ್ಲಿ ಬರೆಯುವುದಿಲ್ಲ. ಒಬ್ಬರ ಕಡೆ ಬೆರಳು ತೋರಿಸಿದರೆ ಕಾಕಾನ ಕಡಲೆ ವಾಪಸ್ ಬರುವುದಿಲ್ಲ. ಮುಂದಿನ ಹಿಂಗಾರಿಗೆ ಹೀಗಾಗಬಾರದು, ಅಷ್ಟೇ ನನ್ನ ಆಸೆ.

ನಾನೂ ಡ್ರೋನ್ ನಂಬಿಯೇ ಹೊಟ್ಟೆ ಹೊರೆಯುವವನು. ಮದುವೆ, ಜಾತ್ರೆ, ಲೇಔಟ್ ವಿಡಿಯೊ ನನ್ನ ಕೆಲಸ. ನಮ್ಮಿಬ್ಬರ ಹತ್ತಿರವೂ ರಿಮೋಟ್ ಪೈಲಟ್ ಪ್ರಮಾಣಪತ್ರ ಇದೆ, ಡ್ರೋನ್‌ಗಳಿಗೆ ನೋಂದಣಿ ಸಂಖ್ಯೆ ಇದೆ. ನಿಯಮ ಬೇಡ ಎನ್ನುವ ಗುಂಪಿನವರು ನಾವಲ್ಲ. ನಿಯಮ ಯಾಕೆ ಬೇಕು ಎಂಬುದು ನನಗೆ ಒಂದು ಸಂಜೆ ಮೈಮೇಲೆ ಬಂದು ಗೊತ್ತಾಗಿದೆ. ಅದನ್ನೂ ಹೇಳಿಬಿಡುತ್ತೇನೆ.

2019ರಲ್ಲಿ ನಾನು ಮೊದಲ ಡ್ರೋನ್ ಕೊಂಡೆ. ತರಬೇತಿ ಇಲ್ಲ, ನಿಯಮ ಓದಿಲ್ಲ. ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ಹಾರಿಸಿದೆ. ಸೂರ್ಯ ಮುಳುಗುವ ಹೊತ್ತು, ನೀರೆಲ್ಲ ಬಂಗಾರದ ಬಣ್ಣ. ಡ್ರೋನ್ ನೂರು ಮೀಟರ್ ಮೇಲಿತ್ತು. ನನ್ನ ಕಣ್ಣು ಪೂರ್ತಿ ಸ್ಕ್ರೀನಿನ ಮೇಲೆ. ಆಗ ಸದ್ದು ಕೇಳಿಸಿತು. ತಲೆ ಎತ್ತಿದರೆ ವಿಮಾನ, ಚಕ್ರ ಇಳಿಸಿಕೊಂಡು ಇಳಿಯುತ್ತಿದೆ. ಈಗ ಲೆಕ್ಕ ಹಾಕಿದರೆ ಅದು ನನ್ನ ಡ್ರೋನ್‌ನಿಂದ ಸಾಕಷ್ಟು ಪಕ್ಕದಲ್ಲಿತ್ತು ಎನ್ನಬಹುದು. ಆ ಕ್ಷಣಕ್ಕೆ ನನಗೆ ಅಳತೆಯೇ ಸಿಗಲಿಲ್ಲ. ಕೈ ನಡುಗಿ ಕೆಳಗಿಳಿಸುವ ಕಡ್ಡಿಯನ್ನು ಪೂರ್ತಿ ಒತ್ತಿ ಹಿಡಿದೆ. ಡ್ರೋನ್ ಇಳಿಯಲು ತೆಗೆದುಕೊಂಡ ಅರ್ಧ ನಿಮಿಷದಲ್ಲಿ ಆ ವಿಮಾನದ ಕಿಟಕಿಗಳು ಒಂದೊಂದಾಗಿ ಕಾಣಿಸಿದವು. ಪ್ರತಿ ಕಿಟಕಿಯ ಹಿಂದೆ ಯಾರೋ ಕೂತಿರುತ್ತಾರೆ ಅಲ್ವಾ? ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ಪೆಟ್ಟಿಗೆಯೊಳಗೆ ಇಟ್ಟ ಡ್ರೋನನ್ನು ಮತ್ತೆ ಎರಡು ತಿಂಗಳು ಹೊರಗೆ ತೆಗೆಯಲಿಲ್ಲ.

ಹಾಗಾಗಿ ವಿಮಾನ ನಿಲ್ದಾಣದ ಸುತ್ತ ಕಟ್ಟುನಿಟ್ಟು ಇರಲಿ, ಖಂಡಿತ ಇರಲಿ. ನನ್ನ ಮಾತು ಬೇರೆ. ಕಟ್ಟುನಿಟ್ಟು ಬೇರೆ, ತಡ ಬೇರೆ. ಇವತ್ತು ನಮ್ಮಲ್ಲಿ ಎರಡೂ ಒಂದೇ ಆಗಿ ಕೂತಿವೆ.

ಓದುಗರಿಗೂ ಅರ್ಥವಾಗಲಿ ಎಂದು ನಿಯಮವನ್ನು ಚಿಕ್ಕದಾಗಿ ಹೇಳುತ್ತೇನೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಆಕಾಶವನ್ನು ಮೂರು ಬಣ್ಣಕ್ಕೆ ಹಂಚಿದವು. ಹಸಿರಿನಲ್ಲಿ 400 ಅಡಿವರೆಗೆ, ಅಂದರೆ 120 ಮೀಟರ್‌ವರೆಗೆ, ಹಾರಾಟಕ್ಕೆ ಮುಂಗಡ ಅನುಮತಿ ಬೇಡ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಆಗುವುದಿಲ್ಲ. ನಡುವಿನದು ಹಳದಿ. ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 5ರಿಂದ 8 ಕಿಲೋಮೀಟರ್ ನಡುವೆ ನೆಲದಿಂದಲೇ ಹಳದಿ ಶುರು, ಅದಕ್ಕೂ ಒಳಗೆ ಕೆಂಪು. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿವರೆಗೆ ಹಸಿರು, ಅದರ ಮೇಲೆ ಹಳದಿ. ಹಳದಿಯಲ್ಲಿ ಹಾರಿಸಲು ಏರ್ ಟ್ರಾಫಿಕ್ ಕಂಟ್ರೋಲ್ ನೋಡಿಕೊಳ್ಳುವವರ ಒಪ್ಪಿಗೆ ಬೇಕು.

ಈ ನಿಯಮ ಬಂದಾಗ ನಾವು ಖುಷಿಪಟ್ಟಿದ್ದು ನಿಜ. ಅದಕ್ಕೂ ಮೊದಲು ಹಳದಿ 45 ಕಿಲೋಮೀಟರ್‌ವರೆಗೆ ಹರಡಿತ್ತು. ಆ ಲೆಕ್ಕದಲ್ಲಿ ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಎಲ್ಲವೂ ಹುಬ್ಬಳ್ಳಿ ವಿಮಾನ ನಿಲ್ದಾಣದ ನೆರಳೊಳಗೆ ಬರುತ್ತಿದ್ದವು. 25 ಅರ್ಜಿ ನಮೂನೆಗಳು 5ಕ್ಕೆ ಇಳಿದವು. 72 ಬಗೆಯ ಶುಲ್ಕಗಳು 4ಕ್ಕೆ ಇಳಿದವು. ಡಿಜಿಟಲ್ ಸ್ಕೈ ಎಂಬ ಜಾಲತಾಣದಲ್ಲಿ ಬಣ್ಣದ ನಕಾಶೆ ಬಂತು. ಇದನ್ನೆಲ್ಲ ಮಾಡಿದವರಿಗೆ ಮನಸ್ಸು ತುಂಬಿ ಧನ್ಯವಾದ.

ಆದರೆ ಹುಬ್ಬಳ್ಳಿಯವರ ಪಾಲಿಗೆ ಏನಾಗಿದೆ ನೋಡಿ. ನಮ್ಮ ವಿಮಾನ ನಿಲ್ದಾಣ ಊರ ಹೊರಗೆ ದೂರದಲ್ಲಿಲ್ಲ, ಗೋಕುಲ ರಸ್ತೆಯಲ್ಲೇ ಇದೆ. ಅದರಿಂದ 8 ಕಿಲೋಮೀಟರ್ ಸುತ್ತಿದರೆ ವಿದ್ಯಾನಗರ, ಉಣಕಲ್, ನವನಗರ, ಚೆನ್ನಮ್ಮ ವೃತ್ತ, ಸಿದ್ಧಾರೂಢ ಮಠ ಎಲ್ಲ ಒಳಗೆ. ಧಾರವಾಡ 12 ಕಿಲೋಮೀಟರ್ ಗೆರೆಯ ಅಂಚಿನಲ್ಲಿದೆ. ಯಾವ ಓಣಿ ಒಳಗೆ, ಯಾವ ಓಣಿ ಹೊರಗೆ ಎಂದು ನಕಾಶೆ ನೋಡಿಯೇ ಹೇಳಬೇಕು. ಅಂದರೆ ಊರಿನ ಬಹುಪಾಲು ಕೆಂಪು ಇಲ್ಲವೇ ಹಳದಿ. ಐದೂವರೆ ಕಿಲೋಮೀಟರ್ ದೂರದ ಹೊಲವೂ ಹಳದಿ, ಏಳು ಕಿಲೋಮೀಟರ್ ಆಚೆಯ ಮದುವೆ ಮಂಟಪವೂ ಹಳದಿ. ಹತ್ತು ಅಡಿ ಹಾರುವವನಿಗೂ ಅದೇ ಸಾಲು, ನಾನೂರು ಅಡಿ ಹಾರುವವನಿಗೂ ಅದೇ ಸಾಲು.

ನಿಲ್ದಾಣದ ಸುತ್ತಲಿನ ಎಲ್ಲ ಜಾಗ ಒಂದೇ ಅಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ರನ್‌ವೇಗೆ ಇಳಿಯುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 52 ಮೀಟರ್ ಕೆಳಗೆ. ರನ್‌ವೇಗೆ 2 ಕಿಲೋಮೀಟರ್ ಇರುವಾಗ ಅದು ನೆಲದಿಂದ ನೂರು ಮೀಟರ್ ಚಿಲ್ಲರೆ ಎತ್ತರದಲ್ಲಿ ಇರುತ್ತದೆ. 120 ಮೀಟರ್ ಏರಿದ ಡ್ರೋನ್ ಅಲ್ಲಿ ವಿಮಾನಕ್ಕಿಂತ ಮೇಲಿರುತ್ತದೆ! ಅಲ್ಲಿ ಹಾರಿಸಲು ಯಾರಿಗೂ ಸುಲಭವಾಗಿ ಅನುಮತಿ ಸಿಗಬಾರದು. ಅದೇ ವಿಮಾನ 6 ಕಿಲೋಮೀಟರ್ ದೂರ ಇರುವಾಗ ಮುನ್ನೂರು ಮೀಟರಿಗಿಂತ ಮೇಲಿರುತ್ತದೆ. ಅದರ ದಾರಿಯಿಂದ ಪಕ್ಕಕ್ಕೆ ಸರಿದರೆ ಅಂತರ ಇನ್ನೂ ಜಾಸ್ತಿ. ಅಲ್ಲಿ ಕಡಲೆ ಗಿಡದ ಮೇಲೆ ಮೂರು ಮೀಟರ್ ಹಾರುವ ಡ್ರೋನ್‌ಗೂ ಆ ವಿಮಾನಕ್ಕೂ ಏನು ಸಂಬಂಧ?

ಈ ಲೆಕ್ಕವನ್ನೇ ವ್ಯವಸ್ಥೆಯಾಗಿ ಮಾಡಿದವರಿದ್ದಾರೆ. ಅಮೆರಿಕದ ವಿಮಾನಯಾನ ಆಡಳಿತ 2017ರಲ್ಲಿ ಪ್ರಯೋಗ ಶುರು ಮಾಡಿ, 2018ರಲ್ಲಿ ದೇಶದ ತುಂಬ ವಿಸ್ತರಿಸಿತು. ಅಲ್ಲಿಯವರು ಅದನ್ನು ಲ್ಯಾನ್ಸ್ ಎಂದು ಕರೆಯುತ್ತಾರೆ. ವಿಮಾನ ನಿಲ್ದಾಣದ ಸುತ್ತಲಿನ ಜಾಗವನ್ನು ಚೌಕಟ್ಟು ಚೌಕಟ್ಟಾಗಿ ಭಾಗ ಮಾಡಿದ್ದಾರೆ. ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದಿದ್ದಾರೆ. ರನ್‌ವೇ ತುದಿಯ ಚೌಕದಲ್ಲಿ ಸೊನ್ನೆ. ಸ್ವಲ್ಪ ದೂರ ಹೋದರೆ 50 ಅಡಿ, ಇನ್ನೂ ಆಚೆ 100, 200, ಕೊನೆಗೆ 400. ಈ ಅಂಕಿಗಳನ್ನು ಮೊದಲೇ ಕೂತು ಯೋಚಿಸಿ ಒಪ್ಪಿದವರು ಆಯಾ ನಿಲ್ದಾಣದ ವಿಮಾನ ಸಂಚಾರ ನೋಡಿಕೊಳ್ಳುವವರೇ. ಹಾರಿಸುವವನು ಮೊಬೈಲ್ ಆ್ಯಪ್ ತೆರೆದು ಜಾಗ, ದಿನ, ಹೊತ್ತು, ಎತ್ತರ ತುಂಬುತ್ತಾನೆ. ಕೇಳಿದ ಎತ್ತರ ಆ ಚೌಕದ ಮಿತಿಯೊಳಗೆ ಇದ್ದರೆ ಕೆಲವೇ ಕ್ಷಣದಲ್ಲಿ ಒಪ್ಪಿಗೆ ಬರುತ್ತದೆ. ಮಿತಿಗಿಂತ ಜಾಸ್ತಿ ಕೇಳಿದರೆ ಆ ಅರ್ಜಿ ಮನುಷ್ಯರ ಕೈಗೆ ಹೋಗುತ್ತದೆ. ಆ್ಯಪ್ ಮಾಡುವ ಕೆಲಸವನ್ನೂ ಸರ್ಕಾರ ತಾನೇ ಹೊತ್ತುಕೊಂಡಿಲ್ಲ. ಒಪ್ಪಿಗೆ ಪಡೆದ ಖಾಸಗಿ ಕಂಪನಿಗಳು ಮಾಡುತ್ತವೆ. 2019ರಿಂದ ಹವ್ಯಾಸಕ್ಕೆ ಹಾರಿಸುವವರಿಗೂ ಈ ದಾರಿ ತೆರೆದಿದೆ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದಿದೆ. ಆ್ಯಪ್ ಅಲ್ಲಿ ತೀರ್ಮಾನ ಮಾಡುವುದಿಲ್ಲ. ತೀರ್ಮಾನ ಮಾಡಿದ್ದು ಅನುಭವ ಇರುವ ಅಧಿಕಾರಿಗಳು, ಮೊದಲೇ, ನಿಧಾನವಾಗಿ, ನಕಾಶೆ ಮುಂದೆ ಇಟ್ಟುಕೊಂಡು. ಆ್ಯಪ್ ಆ ತೀರ್ಮಾನವನ್ನು ತಲುಪಿಸುತ್ತದೆ, ಅಷ್ಟೇ. ನಮ್ಮಲ್ಲೂ ಹುಬ್ಬಳ್ಳಿ ಸುತ್ತಲಿನ ಚೌಕಗಳಿಗೆ ಒಂದು ಸಲ ಕೂತು ಎತ್ತರ ಬರೆದರೆ, ಮುಂದೆ ಪ್ರತಿ ಮದುವೆಗೂ ಪ್ರತಿ ಹೊಲಕ್ಕೂ ಹೊಸದಾಗಿ ಕಡತ ತೆರೆಯುವ ಕೆಲಸ ತಪ್ಪುತ್ತದೆ. ವಿಮಾನ ಇಳಿಸುವ ಜವಾಬ್ದಾರಿ ಹೊತ್ತವರ ತಲೆನೋವೂ ಕಡಿಮೆಯಾಗುತ್ತದೆ. ಅವರು ನಿಜವಾಗಿ ಯೋಚಿಸಬೇಕಾದ ನಾಲ್ಕೈದು ಅರ್ಜಿಗಳಿಗೆ ಸಮಯ ಸಿಗುತ್ತದೆ.

"ಬೇಡ" ಎನ್ನುವುದಾದರೆ ಅದನ್ನೂ ಬೇಗ ಹೇಳಿ, ಕಾರಣ ಸಮೇತ ಹೇಳಿ. "ಈ ಚೌಕದಲ್ಲಿ 100 ಅಡಿ ಮಾತ್ರ" ಎಂದರೆ ನಾನು 100 ಅಡಿಗೆ ಇಳಿಸಿಕೊಳ್ಳುತ್ತೇನೆ. "ಆ ಹೊತ್ತಿಗೆ ವಿಮಾನ ಇದೆ" ಎಂದರೆ ಹೆಣ್ಣಿನ ಕಡೆಯವರಿಗೆ ಹೇಳಿ ಮೆರವಣಿಗೆಯ ಶೂಟಿಂಗ್ ಅರ್ಧ ಗಂಟೆ ಮುಂದೂಡಿಸುತ್ತೇನೆ. ಉತ್ತರವೇ ಬರದಿದ್ದರೆ ಏನು ಮಾಡಲಿ? ಮದುವೆಯ ಮುಹೂರ್ತ ಅರ್ಜಿಗಾಗಿ ಕಾಯುವುದಿಲ್ಲ.

ಉತ್ತರ ಬರದಿದ್ದಾಗ ಏನಾಗುತ್ತದೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಕೇಳಿದವನು ಕೆಲಸ ಕಳೆದುಕೊಳ್ಳುತ್ತಾನೆ. ಕೇಳದವನು ಹಾರಿಸಿ ದುಡ್ಡು ಎಣಿಸುತ್ತಾನೆ. ಒಂದು ಮದುವೆಯಲ್ಲಿ ನಾನು "ಅನುಮತಿ ಬಂದಿಲ್ಲ, ಡ್ರೋನ್ ತೆಗೆಯಲ್ಲ" ಎಂದಾಗ ಹುಡುಗಿಯ ಸೋದರಮಾವ ಎಲ್ಲರ ಮುಂದೆ, "ನಿಮಗ ಬರಂಗಿಲ್ಲಂದ್ರ ಬಿಡ್ರಿ, ಬ್ಯಾರೇದವರನ್ನ ಕರಸ್ತೇವಿ" ಎಂದರು. ಒಂದು ಗಂಟೆಯಲ್ಲಿ ಇನ್ನೊಬ್ಬ ಹುಡುಗ ಬಂದ. ಹಾರಿಸಿದ. ಅವನ ಡ್ರೋನ್ 249 ಗ್ರಾಂ. "ಅಣ್ಣಾ, 250 ಗ್ರಾಂ ಒಳಗಿದ್ರ ಏನೂ ಬೇಡ" ಎಂದು ನನಗೇ ತಿಳಿಸಿ ಹೇಳಿದ. ಆ ತೂಕಕ್ಕೆ ಪೈಲಟ್ ಪ್ರಮಾಣಪತ್ರ ಬೇಡ ಎಂಬುದು ಸರಿ. ಹಳದಿ ವಲಯದ ನಿಯಮ ಮಾತ್ರ ಅದಕ್ಕೂ ಇದೆ. ಆ ಹುಡುಗನಿಗೆ ಇದು ಗೊತ್ತಿರಲಿಲ್ಲ. ಕೆಟ್ಟ ಹುಡುಗ ಅಲ್ಲ ಅವನು. 2019ರಲ್ಲಿ ಕೆರೆ ದಂಡೆಯಲ್ಲಿ ನಿಂತಿದ್ದ ನನ್ನ ಹಾಗೆಯೇ ಇದ್ದ.

ಅವನ ಕೈಯಲ್ಲಿ ಮೊಬೈಲ್ ಇತ್ತು. ಆ ಮೊಬೈಲ್‌ನಲ್ಲಿ ಒಂದು ಆ್ಯಪ್ ಇದ್ದು, "ನೀವು ಹಳದಿ ವಲಯದಲ್ಲಿ ಇದ್ದೀರಿ, ಇಲ್ಲಿ ಒತ್ತಿ ಅನುಮತಿ ಕೇಳಿ" ಎಂದು ಕನ್ನಡದಲ್ಲಿ ತೋರಿಸಿದ್ದರೆ ಅವನು ಕೇಳುತ್ತಿದ್ದ ಎಂದು ನಾನು ನಂಬುತ್ತೇನೆ. ಒಂದು ನಿಮಿಷದ ಕೆಲಸವಾದರೆ ಯಾರು ಬೇಡ ಎನ್ನುತ್ತಾರೆ? ಕೇಳುವುದು ಹಾರಿಸುವುದಕ್ಕಿಂತ ಕಷ್ಟ ಆದಾಗಲೇ ಜನ ಸುಮ್ನೆ ಹಾರಿಸಿಬಿಡುತ್ತಾರೆ. ಭದ್ರತೆಯ ದೃಷ್ಟಿಯಿಂದ ನೋಡಿದರೂ ಅಷ್ಟೇ. ಇವತ್ತು ಕೇಳದೆ ಹಾರಿಸುವವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಯಾರ ದಾಖಲೆಯಲ್ಲೂ ಇಲ್ಲ. ಎಲ್ಲರೂ ಆ್ಯಪ್‌ನಲ್ಲಿ ಕೇಳತೊಡಗಿದರೆ ಊರಿನ ಆಕಾಶದಲ್ಲಿ ಈಗ ಯಾರಿದ್ದಾರೆ ಎಂದು ನಿಮ್ಮ ಪರದೆಯ ಮೇಲೆ ಕಾಣುತ್ತದೆ.

ಕನ್ನಡ ಎಂದೆ. ಅದು ಈ ಪತ್ರದ ಮುಖ್ಯ ಬೇಡಿಕೆಗಳಲ್ಲಿ ಒಂದು. ಪೈಲಟ್ ಪ್ರಮಾಣಪತ್ರಕ್ಕೆ ಹತ್ತನೇ ತರಗತಿ ಪಾಸಾದರೆ ಸಾಕು ಎಂದು ನಿಯಮವೇ ಹೇಳುತ್ತದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು ಇಂಗ್ಲಿಷ್‌ನಲ್ಲಿ ಹಾರಾಟದ ಅರ್ಜಿ ತುಂಬುವುದು ಎಷ್ಟು ಕಷ್ಟ, ಯೋಚಿಸಿ. 2023ರಲ್ಲಿ ಕೇಂದ್ರ ಸರ್ಕಾರ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿವರೆಗೆ ಸಹಾಯಧನ. ತುಂಬ ಒಳ್ಳೆಯ ಕೆಲಸ. ಆದರೆ ಡ್ರೋನ್ ಕೈಗೆ ಕೊಟ್ಟ ಮೇಲೆ, ಹಾರಿಸಬಹುದೋ ಇಲ್ಲವೋ ಎಂದು ಕೇಳುವ ಬಾಗಿಲು ಆ ಅಕ್ಕಂದಿರ ಭಾಷೆಯಲ್ಲಿ ಇರಬೇಕಲ್ಲವೇ? ಬೆಳಗಿನ ಆರೂವರೆಗೆ ಹೊಲದ ಬದುವಿನಲ್ಲಿ ನಿಂತ ಹೆಣ್ಣುಮಗಳು, ಗಾಳಿ ಏಳುವ ಮೊದಲು ಸಿಂಪಡಣೆ ಮುಗಿಸಬೇಕಾದವಳು, ಯಾರಿಗೋ ಫೋನ್ ಮಾಡಿ "ಇದರ ಅರ್ಥ ಏನ್ರಿ" ಎಂದು ಕೇಳುವಂತೆ ಆಗಬಾರದು. ಹೊಲದಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಪುಣ್ಯ. ಹಾಗಾಗಿ ಉತ್ತರ ಎಸ್ಎಂಎಸ್‌ನಲ್ಲೂ ಬರುವ ಹಾಗಿರಲಿ.

ಪೊಲೀಸರ ವಿಷಯವೂ ಇದೆ. ಡ್ರೋನ್ ಮೇಲೇರಿದ ಕೂಡಲೇ ಪೇದೆಯೊಬ್ಬರು ಬಂದು "ಪರ್ಮಿಷನ್ ತೋರಸ್ರಿ" ಎನ್ನುವುದು ಸಹಜ, ಅದು ಅವರ ಕರ್ತವ್ಯ. ಅವರಿಗೂ ಡ್ರೋನ್ ನಿಯಮ ಪೂರ್ತಿ ಗೊತ್ತಿರುವುದಿಲ್ಲ, ನನ್ನ ಫೋನಿನ ಇಂಗ್ಲಿಷ್ ಪುಟ ನೋಡಿ ನಂಬಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಅನುಮತಿಯ ಜೊತೆ ಒಂದು ಕ್ಯೂಆರ್ ಕೋಡ್ ಬಂದರೆ ಅವರು ತಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿ, ಹೆಸರು, ಜಾಗ, ಎತ್ತರ, ಹೊತ್ತು ನೋಡಿಕೊಳ್ಳಬಹುದು. ಮಾತು ಬೆಳೆಯುವುದಿಲ್ಲ.

ಇನ್ನು ತಾತ್ಕಾಲಿಕ ಕೆಂಪು ವಲಯ. ಗಣೇಶನ ಹಬ್ಬವೋ, ಸಿದ್ಧಾರೂಢರ ತೇರೋ, ದೊಡ್ಡವರ ಭೇಟಿಯೋ ಇದ್ದಾಗ ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಅಧಿಕಾರಿ ಕೆಲ ದಿನಗಳ ಮಟ್ಟಿಗೆ ಒಂದು ಜಾಗವನ್ನು ಕೆಂಪು ಎಂದು ಘೋಷಿಸಬಹುದು. ಅದನ್ನು ನಕಾಶೆಯಲ್ಲಿ ತೋರಿಸಬೇಕು ಎಂದೂ ನಿಯಮ ಹೇಳುತ್ತದೆ. ಆದರೆ ನಕಾಶೆಯನ್ನು ನಾನೇ ಹೋಗಿ ತೆರೆದು ನೋಡಿದರೆ ತಾನೇ ಗೊತ್ತಾಗುವುದು? ನಿನ್ನೆ ಹಸಿರಿದ್ದದ್ದು ಇವತ್ತು ಕೆಂಪಾದರೆ ಆ ಪ್ರದೇಶದ ನೋಂದಾಯಿತ ಪೈಲಟ್‌ಗಳ ಫೋನ್ ಟಿಂಗ್ ಎನ್ನಬೇಕು.

ಗದಗ, ಹಾವೇರಿ ಕಡೆಯ ಗೆಳೆಯರು "ನಮ್ಮಲ್ಲಿ ವಿಮಾನ ನಿಲ್ದಾಣ ಇಲ್ಲ, ನಮಗ್ಯಾಕೆ ಚಿಂತೆ" ಎನ್ನುತ್ತಾರೆ. ಹಸಿರು ಎಂದರೆ ಎಲ್ಲಾದರೂ ಹೇಗಾದರೂ ಹಾರಿಸಬಹುದು ಎಂದು ಅರ್ಥವಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಅಷ್ಟು ದೂರ ಹಾರಿ ಬಂದು ನೀರಿಗಿಳಿದ ಹಿಂಡಿನ ಮೇಲೆ ಒಂದು ಡ್ರೋನ್ ಗುಂಯ್ ಎಂದು ಬಂದರೆ ಇಡೀ ಹಿಂಡು ಎದ್ದುಬಿಡುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯ, ಕಪ್ಪತಗುಡ್ಡದ ಅಭಯಾರಣ್ಯ ಇವಕ್ಕೂ ಅರಣ್ಯ ಇಲಾಖೆಯ ಕಾನೂನು ಇದೆ. ಅದನ್ನೂ ಅದೇ ಆ್ಯಪ್‌ನಲ್ಲಿ, ಅದೇ ನಕಾಶೆಯ ಮೇಲೆ ಬರೆದರೆ ಗೊತ್ತಿಲ್ಲದೆ ಆಗುವ ತಪ್ಪು ನಿಲ್ಲುತ್ತದೆ.

ಇಷ್ಟೆಲ್ಲ ಒಂದೇ ಸಲ ದೇಶದ ತುಂಬ ಮಾಡಿ ಎಂದು ನಾನು ಕೇಳುತ್ತಿಲ್ಲ. ಹುಬ್ಬಳ್ಳಿಯಿಂದ ಶುರು ಮಾಡಿ. ಇದು ಬೆಂಗಳೂರಿನಷ್ಟು ವಿಮಾನ ಇಳಿಯುವ ಜಾಗ ಅಲ್ಲ, ಪ್ರಯೋಗಕ್ಕೆ ಸಲೀಸು. ಊರು, ಹೊಲ, ಕೆರೆ, ಕೈಗಾರಿಕೆ ಪ್ರದೇಶ ಎಲ್ಲವೂ ಆ 8 ಕಿಲೋಮೀಟರ್ ಒಳಗೇ ಸಿಗುತ್ತವೆ. ಪಕ್ಕದಲ್ಲೇ ಧಾರವಾಡದ ಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ. ಚೌಕಗಳ ನಕಾಶೆ ಬರೆಯಲು, ಆ್ಯಪ್ ಪರೀಕ್ಷಿಸಲು, ಸಿಂಪಡಣೆಯವರ ಕಷ್ಟ ತಿಳಿಯಲು ಬೇಕಾದ ಜನ ಇಲ್ಲೇ ಇದ್ದಾರೆ. ಹಾರಿಸಿ ತೋರಿಸಲು ನಾವಿದ್ದೇವೆ. ನೀವು ಕರೆದ ದಿನ, ನೀವು ಹೇಳಿದ ಚೌಕದಲ್ಲಿ, ನೀವು ಹೇಳಿದ ಎತ್ತರಕ್ಕೆ ಸ್ವಂತ ಖರ್ಚಿನಲ್ಲಿ ಬಂದು ಹಾರಿಸುತ್ತೇವೆ. ಎಲ್ಲಿ ತಪ್ಪುತ್ತದೆ, ಎಲ್ಲಿ ತಡವಾಗುತ್ತದೆ ಎಂದು ಬರೆದು ಕೊಡುತ್ತೇವೆ.

ಕಾಕಾ ಈ ಸಲವೂ ಅದೇ ಹೊಲಕ್ಕೆ ಕಡಲೆಯನ್ನೇ ಬಿತ್ತುವವರಿದ್ದಾರೆ. ಹೂವು ಮುಗಿದು ಕಾಯಿ ಕಟ್ಟುವಾಗ ಕೀಡಿ ಮತ್ತೆ ಬೀಳುತ್ತದೆ. ಆಗ ಅರ್ಜಿ ಹಾಕುವ ಹೊತ್ತಿಗೆ, ಬೇವಿನ ಮರದ ಕೆಳಗೆ ಹಾರುವ ಆ ಡ್ರೋನ್‌ಗೆ ಅದೇ ಬೆಳಿಗ್ಗೆ ಉತ್ತರ ಬರುವ ಹಾಗೆ ಮಾಡಿಕೊಡಿ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಹುಬ್ಬಳ್ಳಿಯ ಒಬ್ಬ ಡ್ರೋನ್ ಪೈಲಟ್